ಕನ್ನಡ ಟೈಪಿಂಗ್: ಫೋನು ಎಲ್ಲಿಯವರೆಗೆ, ಕೀಬೋರ್ಡು ಎಲ್ಲಿಂದ?

ಯಲವಿಗಿ, ಸವಣೂರು, ಶಿಗ್ಗಾಂವಿ ಕಡೆ ಈಗ ಕನ್ನಡ ಬರವಣಿಗೆ ಹೆಚ್ಚಾಗಿ ಫೋನಿನಲ್ಲೇ ನಡೆಯುತ್ತದೆ. ಮೆಣಸಿನಕಾಯಿ ದರ ಕೇಳುವುದು, ಲಗ್ನಕ್ಕೆ ಕರೆಯುವುದು ಎಲ್ಲವೂ ವಾಟ್ಸಾಪಿನಲ್ಲಿ. ಆದರೆ ಪಂಚಾಯಿತಿಗೆ ಎರಡು ಪುಟದ ಅರ್ಜಿ ಕೊಡಬೇಕು, ಸಂಘದ ವಾರ್ಷಿಕ ವರದಿ ಬರೆಯಬೇಕು ಎಂದಾಗ ಡಿಟಿಪಿ ಅಂಗಡಿಗೆ ಹೋಗುತ್ತೇವೆ. ಆ ಕೆಲಸವನ್ನು ನೀವೇ ಮಾಡಿಕೊಳ್ಳಬಹುದು. ಯಾವುದಕ್ಕೆ ಫೋನು ಸಾಕು, ಯಾವುದಕ್ಕೆ ಕೀಬೋರ್ಡು ಬೇಕು ಎಂಬುದು ಗೊತ್ತಿದ್ದರಾಯಿತು.

ಮೊದಲು ಫೋನು. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಗೂಗಲ್‌ನ ಜಿಬೋರ್ಡ್ ಇರುತ್ತದೆ. ಅದರ ಸೆಟ್ಟಿಂಗ್ಸ್‌ನಲ್ಲಿ ಕನ್ನಡವನ್ನು ಸೇರಿಸಿಕೊಳ್ಳಿ. ಕನ್ನಡ ಅಕ್ಷರಗಳನ್ನೇ ಒತ್ತಬಹುದು, ಬೆರಳಿನಿಂದ ಪರದೆಯ ಮೇಲೆ ಬರೆಯಬಹುದು, ಮೈಕ್ ಒತ್ತಿ ಮಾತಾಡಬಹುದು. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಪಡೆಯುವ ದಾರಿಯೂ ಇದೆ. ಇದಕ್ಕೆ ಲಿಪ್ಯಂತರ ಎನ್ನುತ್ತಾರೆ. ಎಂ, ಎ, ಎನ್, ಇ ಒತ್ತಿದರೆ ‘ಮನೆ’ ಬರುತ್ತದೆ.

ಲಿಪ್ಯಂತರ ಸುಲಭ, ಆದರೆ ಅದು ನಿಮ್ಮ ಮನಸ್ಸಿನಲ್ಲಿರುವ ಪದವನ್ನು ಊಹಿಸುತ್ತದೆ. ಎಚ್, ಎ, ಎಲ್, ಎಲ್, ಐ ಎಂದರೆ ಹಳ್ಳಿಯೋ ಹಲ್ಲಿಯೋ? ಮೇಲೆ ತೋರಿಸುವ ಪದಗಳಲ್ಲಿ ನೀವೇ ನೋಡಿ ಆರಿಸಬೇಕು. ನಾಲ್ಕು ಸಾಲಿಗೆ ಇದು ತೊಂದರೆಯಲ್ಲ. ನಾಲ್ಕು ಪುಟಕ್ಕೆ ಬಹಳ ತೊಂದರೆ. ಧ್ವನಿ ಟೈಪಿಂಗ್ ಬೇಗ ಆಗುತ್ತದೆ, ಆದರೆ ಊರ ಹೆಸರು, ಅಡ್ಡಹೆಸರುಗಳು ತಪ್ಪಾಗಿ ಬರಬಹುದು. ಅದರ ಮೇಲೆ ಅರ್ಧ ಪರದೆಯನ್ನು ಕೀಲಿಗಳೇ ತುಂಬಿಕೊಂಡಿರುತ್ತವೆ. ಹಿಂದಿನ ಪ್ಯಾರಾದಲ್ಲಿ ಏನು ಬರೆದೆವೆಂದು ನೋಡಲು ಪ್ರತಿಸಲ ಮೇಲಕ್ಕೆ ಸರಿಸಬೇಕು.

ಕೀಬೋರ್ಡಿಗೆ ಬಂದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ: ಕನ್ನಡ ಅಕ್ಷರ ಅಚ್ಚಾಗಿರುವ ಕೀಬೋರ್ಡ್ ಎಲ್ಲಿ ಸಿಗುತ್ತದೆ? ಅದು ಬೇಕಿಲ್ಲ. ಸಾಮಾನ್ಯ ಇಂಗ್ಲಿಷ್ ಕೀಬೋರ್ಡೇ ಸಾಕು. ಯಾವ ಕೀಲಿಗೆ ಯಾವ ಅಕ್ಷರ ಎಂಬುದನ್ನು ತಂತ್ರಾಂಶ, ಅಂದರೆ ಸಾಫ್ಟ್‌ವೇರ್, ನಿರ್ಧರಿಸುತ್ತದೆ. ಈ ಹಂಚಿಕೆಗೆ ಕೀಲಿಮಣೆ ವಿನ್ಯಾಸ ಎಂದು ಹೆಸರು.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕೆ.ಪಿ. ರಾವ್ ಅವರು ರೂಪಿಸಿದ ವಿನ್ಯಾಸ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶದಲ್ಲಿ ಇರುವುದೂ ಅದನ್ನೇ ಆಧರಿಸಿದ್ದು. ಅದರ ತರ್ಕ ನಮ್ಮ ಕಾಗುಣಿತದ ತರ್ಕವೇ. ಕೆ ಒತ್ತಿದರೆ ‘ಕ’, ನಂತರ ಐ ಒತ್ತಿದರೆ ‘ಕಿ’, ಶಿಫ್ಟ್ ಹಿಡಿದು ಐ ಒತ್ತಿದರೆ ‘ಕೀ’. ‘ಯಲವಿಗಿ’ ಬರೆಯಲು ವೈ, ಎಲ್, ವಿ, ಐ, ಜಿ, ಐ ಎಂಬ ಆರೇ ಕೀಲಿ. ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ಹಳ್ಳಿಗೆ ಎಚ್, ಶಿಫ್ಟ್ ಎಲ್, ಎಫ್, ಮತ್ತೆ ಶಿಫ್ಟ್ ಎಲ್, ಐ. ಇಲ್ಲಿ ಊಹೆಗೆ ಎಡೆಯೇ ಇಲ್ಲ. ಒತ್ತಿದ್ದೇ ಬರುತ್ತದೆ, ಆದ್ದರಿಂದ ಪರದೆಯನ್ನು ಕಾಯುತ್ತ ಕೂರಬೇಕಿಲ್ಲ. ಕೀಬೋರ್ಡಿನ ನಿಜವಾದ ಲಾಭ ಇದೇ ಎಂದು ನನ್ನ ಅಭಿಪ್ರಾಯ. ವೇಗ ಆಮೇಲೆ ತಾನಾಗಿ ಬರುತ್ತದೆ.

ಇನ್ನೊಂದು ವಿನ್ಯಾಸ ಇನ್‌ಸ್ಕ್ರಿಪ್ಟ್. ಭಾರತದ ಹಲವು ಭಾಷೆಗಳಿಗೆ ಇದು ಒಂದೇ. ಸ್ವರಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ. ವಿಂಡೋಸ್‌ನಲ್ಲಿ ಮೊದಲೇ ಇರುತ್ತದೆ. ಎರಡರಲ್ಲಿ ಒಂದನ್ನು ಹಿಡಿಯಿರಿ, ಎರಡನ್ನೂ ಬೆರೆಸಬೇಡಿ. ಮೊದಲ ಕೆಲವು ದಿನ ಫೋನಿಗಿಂತ ನಿಧಾನವಾಗುತ್ತದೆ. ದಿನಕ್ಕೆ ಅರ್ಧ ಗಂಟೆ ಕೂತರೆ ಕೆಲವು ವಾರಗಳಲ್ಲಿ ಕೈ ಪಳಗುತ್ತದೆ.

ಒಂದು ಎಚ್ಚರಿಕೆ. ಬರೆಯುವಾಗ ಯೂನಿಕೋಡನ್ನೇ ಆರಿಸಿಕೊಳ್ಳಿ. ಡಿಟಿಪಿ ಅಂಗಡಿಯ ಕಡತ ನಿಮ್ಮ ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಂಡಿದ್ದರೆ ಕಾರಣ ಹಳೆಯ ಫಾಂಟು. ಅಂಥ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸುತ್ತವೆ. ಆ ಫಾಂಟು ಇಲ್ಲದ ಕಡೆ ಕನ್ನಡ ಮಾಯ. ಯೂನಿಕೋಡಿನಲ್ಲಿ ಕನ್ನಡದ ಅಕ್ಷರಗಳಿಗೆ, ಕಾಗುಣಿತದ ಚಿಹ್ನೆಗಳಿಗೆ ತಮ್ಮದೇ ಸಂಖ್ಯೆಗಳಿವೆ. ಹಾಗಾಗಿ ಫೋನು, ಕಂಪ್ಯೂಟರು ಎರಡರಲ್ಲೂ ಓದಬಹುದು.

ಖರ್ಚು ದೊಡ್ಡದಲ್ಲ. ನುಡಿ ಉಚಿತ, ವಿಂಡೋಸ್ ಕಂಪ್ಯೂಟರಿನಲ್ಲಿ ನಡೆಯುತ್ತದೆ. ತಂತಿಯ ಯುಎಸ್‌ಬಿ ಕೀಬೋರ್ಡ್ ಸುಮಾರು 400ರಿಂದ 700 ರೂಪಾಯಿ. ಕಂಪ್ಯೂಟರ್ ಇಲ್ಲದಿದ್ದರೆ? ಒಟಿಜಿ ಎಂಬ ಪುಟ್ಟ ಜೋಡಣೆ ತುಂಡಿನಿಂದ ಅದೇ ಕೀಬೋರ್ಡನ್ನು ಫೋನಿಗೆ ಸಿಕ್ಕಿಸಬಹುದು. ಅದಕ್ಕೆ ನೂರು ರೂಪಾಯಿ ಆಸುಪಾಸು. ತಂತಿಯಿಲ್ಲದ ಬ್ಲೂಟೂತ್ ಕೀಬೋರ್ಡಿಗೆ ಹೆಚ್ಚಾಗುತ್ತದೆ. ಫೋನಿಗೆ ಸಿಕ್ಕಿಸಿದಾಗ ಮೊದಲು ಇಂಗ್ಲಿಷೇ ಬರುತ್ತದೆ, ಕನ್ನಡ ವಿನ್ಯಾಸ ಎಲ್ಲ ಫೋನಿನಲ್ಲೂ ಸಿಗುವುದಿಲ್ಲ. ಆದ್ದರಿಂದ ಸವಣೂರು, ಹಾವೇರಿಯಲ್ಲಿ ಕೊಳ್ಳಿ ಅಥವಾ ಯಲವಿಗಿ ಸ್ಟೇಷನ್ನಿನಿಂದ ರೈಲು ಹತ್ತಿ ಹುಬ್ಬಳ್ಳಿಗೆ ಹೋಗಿ ಕೊಳ್ಳಿ, ಅಂಗಡಿಯಲ್ಲೇ ನಿಮ್ಮ ಫೋನಿಗೆ ಜೋಡಿಸಿ ಕನ್ನಡ ಬರುತ್ತದೆಯೇ ನೋಡಿ.

ಮೆಸೇಜಿಗೆ ಫೋನು ಬಿಡಬೇಡಿ. ಒಂದು ಪುಟ ದಾಟುವ ಯಾವುದೇ ಬರಹಕ್ಕೆ ಕೀಬೋರ್ಡಿನ ಮುಂದೆ ಕೂರಿ. ಮನೆಯಲ್ಲಿ ಸರ್ಕಾರಿ ಬೆರಳಚ್ಚುಗಾರರ ಹುದ್ದೆಯ ಪರೀಕ್ಷೆಗೆ ಓದುವ ಮಕ್ಕಳಿದ್ದರೆ ಈಗಲೇ ಒಂದು ಕೀಬೋರ್ಡ್ ಕೊಡಿಸಿ. ಆ ಪರೀಕ್ಷೆಗೆ ಫೋನಿನ ಅಭ್ಯಾಸ ನೆರವಿಗೆ ಬರುವುದಿಲ್ಲ.