ದಂತವೈದ್ಯ ಶಿಕ್ಷಣ: ಕಾಲೇಜನ್ನು ಆರಿಸುವ ಮುನ್ನ

ಪಿಯುಸಿ ಹಾಗೂ ನೀಟ್ ಫಲಿತಾಂಶಗಳು ಬಂದೊಡನೆ ಪುತ್ತೂರು, ಸುಳ್ಯ, ಕಡಬ ತಾಲ್ಲೂಕುಗಳ ಅನೇಕ ಮನೆಗಳಲ್ಲಿ ಒಂದೇ ಚರ್ಚೆ ಆರಂಭವಾಗುತ್ತದೆ. ಎಂಬಿಬಿಎಸ್‌ಗೆ ಅಂಕ ಸಾಲದು. ಮಗಳನ್ನು ಬಿಡಿಎಸ್‌ಗೆ ಸೇರಿಸೋಣವೇ? ಸೇರಿಸುವುದಾದರೆ ಎಲ್ಲಿ? ಅಡಿಕೆ ತೋಟವನ್ನೇ ನಂಬಿರುವ ಕುಟುಂಬಕ್ಕೆ ಇದು ಐದು ವರ್ಷಗಳ ಹೊಣೆ. ಆಯ್ಕೆ ತಪ್ಪಿದರೆ ಸಾಲವು ಹೆತ್ತವರ ಹೆಗಲೇರುತ್ತದೆ. ಅರೆಕಲಿಕೆಯ ಫಲವನ್ನು ರೋಗಿಯು ಉಣ್ಣುತ್ತಾನೆ.

ಬಿಡಿಎಸ್ ನಾಲ್ಕು ವರ್ಷಗಳ ವ್ಯಾಸಂಗ ಮತ್ತು ಒಂದು ವರ್ಷದ ಇಂಟರ್ನ್‌ಶಿಪ್. ಮೊದಲೆರಡು ವರ್ಷ ಅಂಗರಚನೆ, ಶರೀರಕ್ರಿಯೆ, ದಂತಸಾಮಗ್ರಿಗಳ ಪಾಠ, ಕೃತಕ ದವಡೆಗಳ ಮೇಲೆ ಅಭ್ಯಾಸ. ಮೂರನೆಯ ವರ್ಷದಿಂದ ವಿದ್ಯಾರ್ಥಿಯು ರೋಗಿಯ ಮುಂದೆ ನಿಲ್ಲುತ್ತಾನೆ. ಹುಳುಕು ತುಂಬುವುದು, ಹಲ್ಲು ಕೀಳುವುದು, ಬೇರುನಾಳ ಚಿಕಿತ್ಸೆ, ದಂತಪಂಕ್ತಿಯ ಜೋಡಣೆ ಇವೆಲ್ಲ ಕೈಗೆ ಬರಬೇಕಾದ ಕಾಯಕಗಳು. ಆದುದರಿಂದ ಕಾಲೇಜಿನ ಗುಣವನ್ನು ಹೊರರೋಗಿ ವಿಭಾಗದಲ್ಲಿಯೇ ಅಳೆಯಬೇಕೆಂಬುದು ನಮ್ಮ ಅಭಿಮತ. ವಾರದ ಸಾಮಾನ್ಯ ದಿನವೊಂದರ ಬೆಳಿಗ್ಗೆ ಅಲ್ಲಿಗೆ ಹೋಗಿ ಕುಳಿತು, ಎಷ್ಟು ಕುರ್ಚಿಗಳಲ್ಲಿ ರೋಗಿಗಳಿದ್ದಾರೆಂದು ನೋಡಿರಿ. ಇಂಟರ್ನ್‌ಗಳನ್ನು ಕೇಳಿರಿ: ಸ್ವತಃ ಎಷ್ಟು ಹಲ್ಲು ಕಿತ್ತಿರಿ? ಎಷ್ಟು ಬೇರುನಾಳ ಚಿಕಿತ್ಸೆ ಮಾಡಿದಿರಿ? ಆಗ ಅಧ್ಯಾಪಕರು ಪಕ್ಕದಲ್ಲಿದ್ದರೇ?

ಈ ಭಾಗದವರಿಗೆ ಸಮೀಪದ ಸಂಸ್ಥೆ ಸುಳ್ಯದ ಕೆ.ವಿ.ಜಿ. ದಂತ ಮಹಾವಿದ್ಯಾಲಯ. ಕುರುಂಜಿ ವೆಂಕಟರಮಣ ಗೌಡರು ಕಟ್ಟಿದ ಶಿಕ್ಷಣ ಸಂಸ್ಥೆಗಳಲ್ಲಿ ಒಂದಾದ ಇದು 1991ರಲ್ಲಿ ಆರಂಭವಾಯಿತು. ಗ್ರಾಮಾಂತರದ ಆಸ್ಪತ್ರೆಯಲ್ಲಿ ಕಲಿಯುವವರು ನಮ್ಮ ಊರಿನ ಕಾಯಿಲೆಗಳನ್ನೇ ಕಾಣುತ್ತಾರೆ. ನಮ್ಮ ಅನ್ನಕ್ಕೆ ಆಧಾರವಾದ ಅಡಿಕೆಯನ್ನು ಸದಾ ಜಗಿದರೆ ಬಾಯಿಯ ಒಳಪದರ ಬಿಗಿದು, ಬಾಯಿ ತೆರೆಯುವುದೇ ಕಷ್ಟವಾಗುತ್ತದೆ. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದೆ. ಇದನ್ನು ಮೊದಲೇ ಗುರುತಿಸಬಲ್ಲ ದಂತವೈದ್ಯರು ಹಳ್ಳಿಗಳಿಗೆ ಬೇಕು.

ಇನ್ನು ವೆಚ್ಚ. ಬೆಂಗಳೂರು, ಬಳ್ಳಾರಿಗಳ ಸರ್ಕಾರಿ ದಂತ ಕಾಲೇಜುಗಳಲ್ಲಿ ಶುಲ್ಕ ಕಡಿಮೆ. ಅಂಕವಿದ್ದವರು ಅವನ್ನು ಮೊದಲ ಆಯ್ಕೆಯಾಗಿ ಬರೆಯಲಿ. ಖಾಸಗಿ ಕಾಲೇಜುಗಳಲ್ಲಿಯೂ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಸರ್ಕಾರಿ ಕೋಟಾದ ಸೀಟುಗಳನ್ನು ಹಂಚುತ್ತದೆ. ಮ್ಯಾನೇಜ್‌ಮೆಂಟ್ ಸೀಟಿನ ಶುಲ್ಕ ಇದರ ಹಲವು ಪಟ್ಟು. ಮಂಗಳೂರು ಪರಿಸರದ ಮಣಿಪಾಲ, ನಿಟ್ಟೆ, ಯೆನೆಪೋಯ ಸಂಸ್ಥೆಗಳು ಡೀಮ್ಡ್ ವಿಶ್ವವಿದ್ಯಾಲಯಗಳಾದುದರಿಂದ ಅಲ್ಲಿನ ಪ್ರವೇಶ ಕೇಂದ್ರದ ಕೌನ್ಸೆಲಿಂಗ್ ಮೂಲಕ ನಡೆಯುತ್ತದೆ. ರಾಜ್ಯದ ಕೌನ್ಸೆಲಿಂಗ್‌ನಲ್ಲಿ ಗ್ರಾಮೀಣ ಅಭ್ಯರ್ಥಿಗಳಿಗೂ ಕನ್ನಡ ಮಾಧ್ಯಮದವರಿಗೂ ಮೀಸಲಾತಿಯುಂಟು. ಒಂದರಿಂದ ಹತ್ತನೆಯ ತರಗತಿಯವರೆಗಿನ ವ್ಯಾಸಂಗ ಪ್ರಮಾಣಪತ್ರಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳಿರಿ.

ಮೊದಲ ವರ್ಷದ ಶುಲ್ಕವನ್ನಷ್ಟೇ ನೋಡಿ ನಿರ್ಧರಿಸುವುದು ಸಲ್ಲದು. ಹಾಸ್ಟೆಲ್, ಉಪಕರಣಗಳು, ಪರೀಕ್ಷಾ ಶುಲ್ಕ, ಪ್ರಯಾಣ ಎಲ್ಲವನ್ನೂ ಐದು ವರ್ಷಕ್ಕೆ ಕೂಡಿಸಿ ಬರೆಯಿರಿ. ಮನೆಯಿಂದಲೇ ಹೋಗಿಬರುವ ವಿದ್ಯಾರ್ಥಿಗೆ ಉಳಿಯುವ ಹಣ ಅಲ್ಪವಲ್ಲ. ಪದವಿಯ ನಂತರ ಚಿಕಿತ್ಸಾಲಯ ತೆರೆಯಲು ಕುರ್ಚಿ, ಎಕ್ಸ್‌ರೇ ಯಂತ್ರ ಬೇಕು. ಎಂಡಿಎಸ್ ಓದುವುದಾದರೆ ಮತ್ತೆ ಮೂರು ವರ್ಷ. ತೋಟವನ್ನು ಅಡವಿಟ್ಟು ಪದವಿಯ ಸಾಲದಲ್ಲಿಯೇ ಮುಳುಗಿದವರಿಗೆ ಮುಂದಿನ ಹೆಜ್ಜೆ ಕಷ್ಟ.

ಎರಡು ಕಾಲೇಜುಗಳಲ್ಲಿ ಕಲಿಕೆ ಸಮನಾಗಿದ್ದರೆ ಕಡಿಮೆ ವೆಚ್ಚದ್ದನ್ನು ಆರಿಸಿರಿ. ವೆಚ್ಚ ಸಮನಾಗಿದ್ದರೆ ರೋಗಿಗಳು ಹೆಚ್ಚು ಬರುವಲ್ಲಿಗೆ ಸೇರಿಸಿರಿ. ಎಲ್ಲಕ್ಕೂ ಮೊದಲು, ಈ ಕೆಲಸ ಮಗುವಿಗೆ ಇಷ್ಟವೇ ಎಂದು ಒಮ್ಮೆ ಕೇಳಿರಿ.