ಕುರಿಗಾಹಿಯೇ ದಾರಿ ಬಿಟ್ಟಂತೆ ಕಂಡರೆ ವಿಶ್ವಾಸಿಗಳು ಏನು ಮಾಡಬೇಕು?



ರಾಯಚೂರು ಜಿಲ್ಲೆಯ ಸಿಂಧನೂರು, ಲಿಂಗಸುಗೂರು, ಮಸ್ಕಿ ಭಾಗ ಬಳ್ಳಾರಿ ಧರ್ಮಪ್ರಾಂತ್ಯಕ್ಕೆ ಸೇರಿದೆ. ನಮ್ಮ ಕರಾವಳಿಯಿಂದ ಹೋದ ಗುರುಗಳೂ ಧರ್ಮಭಗಿನಿಯರೂ ಆ ಧರ್ಮಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದ್ದಾರೆ. ಕರಾವಳಿಯಂತಲ್ಲ, ಅಲ್ಲಿ ಕಥೋಲಿಕ ಕುಟುಂಬಗಳು ವಿರಳ, ಧರ್ಮಕೇಂದ್ರಗಳು ದೂರ ದೂರ. ಗುರುವೊಬ್ಬರ ಪ್ರಬೋಧನೆಯೋ ಧರ್ಮಾಧ್ಯಕ್ಷರೊಬ್ಬರ ಹೇಳಿಕೆಯೋ ಧರ್ಮಸಭೆಯ ಬೋಧನೆಗೆ ವಿರುದ್ಧ ಎನಿಸಿದರೆ, ಕೇಳಿ ತಿಳಿಯಲು ಹತ್ತಿರದಲ್ಲಿ ಇನ್ನೊಬ್ಬ ಗುರುಗಳು ಸಿಗುವುದು ಕಷ್ಟ. ಆಗ ಸುಮ್ಮನಿರಬೇಕು, ಇಲ್ಲವೇ ಬಿಟ್ಟು ಹೋಗಬೇಕು ಎಂದು ತೋರುತ್ತದೆ. ಆದರೆ ಧರ್ಮಸಭೆಯೇ ತೋರಿಸಿದ ಮೂರನೆಯ ದಾರಿಯೊಂದಿದೆ.

ಮೊದಲು ಮೂಲವನ್ನು ಓದೋಣ

1915ರಲ್ಲಿ ಮಸ್ಕಿಯ ಶಾಸನ ಸಿಕ್ಕಿತು. ಅದರಲ್ಲಿ ಅಶೋಕ ಎಂಬ ಹೆಸರೇ ಇದ್ದುದರಿಂದ 'ದೇವಾನಾಂಪ್ರಿಯ' ಯಾರು ಎಂಬುದಕ್ಕೆ ಕಲ್ಲಿನ ಸಾಕ್ಷಿ ದೊರೆಯಿತು. ವಿಶ್ವಾಸದ ವಿಷಯದಲ್ಲೂ ಮೂಲವನ್ನು ನೋಡದೆ ತೀರ್ಪು ಕೊಡಬಾರದು. 2023ರ ಡಿಸೆಂಬರ್ 18ರಂದು 'ಫಿಡುಸಿಯಾ ಸಪ್ಲಿಕಾನ್ಸ್' ಎಂಬ ಘೋಷಣೆ ರೋಮ್‌ನಿಂದ ಹೊರಬಂದಾಗ, ಧರ್ಮಸಭೆ ಸಲಿಂಗ ವಿವಾಹವನ್ನು ಒಪ್ಪಿತು ಎಂಬ ಸುದ್ದಿ ಹಬ್ಬಿತು. ಆ ಪತ್ರವಾದರೋ ವಿವಾಹದ ಬೋಧನೆ ಬದಲಾಗಿಲ್ಲ ಎಂದೇ ಹೇಳಿತ್ತು. ಪೂಜಾವಿಧಿಯ ರೂಪವಿಲ್ಲದ ಕಿರು ಆಶೀರ್ವಾದಕ್ಕೆ ಮಾತ್ರ ಅದು ಅವಕಾಶ ಕೊಟ್ಟಿತು. ಅದನ್ನೂ ತಮ್ಮಲ್ಲಿ ನೀಡುವುದು ಸೂಕ್ತವಲ್ಲ ಎಂದು ಆಫ್ರಿಕಾದ ಧರ್ಮಾಧ್ಯಕ್ಷರು 2024ರ ಜನವರಿಯಲ್ಲಿ ತಿಳಿಸಿದರು. ಆದರೆ ಪೋಪ್ ಫ್ರಾನ್ಸಿಸರೊಂದಿಗಿನ ಐಕ್ಯವನ್ನು ಅವರು ಬಿಡಲಿಲ್ಲ.

ಎಲ್ಲವೂ ಒಂದೇ ತೂಕದ್ದಲ್ಲ ಎಂಬುದೂ ನೆನಪಿರಲಿ. ವಿಶ್ವಾಸಪ್ರಮಾಣ ಮತ್ತು ಸಂಸ್ಕಾರಗಳ ಸತ್ಯವನ್ನು ಯಾರೂ ಬದಲಿಸಲಾರರು. ಪೂಜೆಯ ಭಾಷೆ, ಉಪವಾಸದ ನಿಯಮ ಬದಲಾಗಬಹುದು. ಲತೀನ್ ಹೋಗಿ ಕನ್ನಡ, ಕೊಂಕಣಿಯಲ್ಲಿ ಬಲಿಪೂಜೆ ಬಂದಾಗ ವಿಶ್ವಾಸ ಬದಲಾಗಲಿಲ್ಲ.

ಬ್ರಹ್ಮಾವರದ ಪಾಠ

ಬಿಟ್ಟು ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಕರಾವಳಿಯೇ ಸಾಕ್ಷಿ. 1886ರಲ್ಲಿ ಪೋಪ್ 13ನೇ ಲಿಯೋ ಮತ್ತು ಪೋರ್ಚುಗಲ್ ನಡುವೆ ಒಪ್ಪಂದವಾಯಿತು. ಗೋವೆಯ ಪದ್ರೊವಾದೊ ಆಡಳಿತಕ್ಕೆ ಒಳಪಟ್ಟಿದ್ದ ಇಲ್ಲಿನ ಚರ್ಚುಗಳು ಅದೇ ವರ್ಷ ರಚನೆಯಾದ ಮಂಗಳೂರು ಧರ್ಮಪ್ರಾಂತ್ಯಕ್ಕೆ ಸೇರಬೇಕಾಯಿತು. ಹಲವರು ಇದನ್ನು ಒಪ್ಪಲಿಲ್ಲ. ಗೋವೆಯ ಗುರು ಅಲ್ವಾರಿಸ್ 1889ರಲ್ಲಿ ಮಲಂಕರ ಸಿರಿಯನ್ ಸಭೆಯಲ್ಲಿ ಧರ್ಮಾಧ್ಯಕ್ಷರಾಗಿ ಅಭಿಷಿಕ್ತರಾದರು. ಬ್ರಹ್ಮಾವರದಲ್ಲಿ ಗುರು ನೊರೊನ್ಹಾ ಅವರೊಂದಿಗೆ ಅನೇಕ ಕುಟುಂಬಗಳು ಹೊರನಡೆದವು.

ಅವರಿಬ್ಬರೂ ಬಡವರ ಸೇವೆಗೆ ಹೆಸರಾದವರು. ಇಂದಿನ ಆ ಸಭೆಯವರು ನಮ್ಮ ಸಹೋದರರು. ಹಳೆಯ ಗಾಯವನ್ನು ಕೆದಕುವುದು ನಮ್ಮ ಉದ್ದೇಶವಲ್ಲ. ಆದರೆ ಒಂದು ಮಾತನ್ನು ಗಮನಿಸಬೇಕು. ಜಗಳ ಹುಟ್ಟಿದ್ದು ವಿಶ್ವಾಸಪ್ರಮಾಣದ ಬಗ್ಗೆ ಅಲ್ಲ, ಯಾರ ಅಧೀನದಲ್ಲಿರಬೇಕು ಎಂಬುದರ ಬಗ್ಗೆ. ಅಂದಿನವರ ಸಿಟ್ಟು ಅವರೊಂದಿಗೇ ಹೋಯಿತು. ಬಿರುಕು ಮಾತ್ರ ಮೊಮ್ಮಕ್ಕಳ ಮಕ್ಕಳಿಗೂ ಉಳಿಯಿತು.

ಮಾತನಾಡುವ ಹಕ್ಕು

ಹಾಗೆಂದು ಬಾಯಿಮುಚ್ಚಿಕೊಂಡಿರುವುದೇ ವಿಧೇಯತೆಯಲ್ಲ. ಅಂತಿಯೋಕ್ಯದಲ್ಲಿ ಪೇತ್ರರ ನಡತೆ ಸರಿಯಲ್ಲವೆಂದು ಪೌಲರು ಅವರ ಎದುರಿಗೇ ಹೇಳಿದರು (ಗಲಾತ್ಯರಿಗೆ 2:11). ಆದರೆ ಪೌಲರು ಬೇರೆ ಸಭೆ ಕಟ್ಟಲಿಲ್ಲ. 4ನೇ ಶತಮಾನದಲ್ಲಿ ಆರಿಯುಸನ ತಪ್ಪು ಬೋಧನೆಯ ಕಾಲಕ್ಕೆ ಅನೇಕ ಧರ್ಮಾಧ್ಯಕ್ಷರು ಅಲುಗಾಡಿದಾಗ, 325ರ ನಿಸೇಯ ಮಹಾಸಭೆಯ ವಿಶ್ವಾಸವನ್ನು ಶ್ರೀಸಾಮಾನ್ಯರು ಹಿಡಿದುಕೊಂಡಿದ್ದರು ಎಂದು ಸಂತ ನ್ಯೂಮನ್ 1859ರಲ್ಲಿ ತೋರಿಸಿಕೊಟ್ಟರು.

ಧರ್ಮಸಭೆಯ ಕಾನೂನಿನ 212ನೇ ವಿಧಿ ಇದನ್ನೇ ಹೇಳುತ್ತದೆ. ಕುರಿಗಾಹಿಗಳಿಗೆ ವಿಧೇಯರಾಗಿರಬೇಕು, ಧರ್ಮಸಭೆಯ ಒಳಿತಿಗಾಗಿ ತಮ್ಮ ಅಭಿಪ್ರಾಯವನ್ನು ಗೌರವದಿಂದ ತಿಳಿಸುವ ಹಕ್ಕು, ಕೆಲವೊಮ್ಮೆ ಕರ್ತವ್ಯವೂ, ವಿಶ್ವಾಸಿಗಳಿಗಿದೆ. ಆದ್ದರಿಂದ ಮೊದಲು ಆ ಗುರುಗಳೊಂದಿಗೇ ಮಾತನಾಡಿ. 'ನೀವು ಹೇಳಿದ್ದರ ಅರ್ಥ ಇದೇನಾ ಫಾದರ್?' ಎಂದು ಕೇಳಿದರೆ ಎಷ್ಟೋ ಸಂಶಯ ಅಲ್ಲೇ ಮುಗಿಯುತ್ತದೆ. ಮುಗಿಯದಿದ್ದರೆ ವಲಯದ ಪ್ರಧಾನ ಗುರುಗಳಿಗೆ, ಬಳಿಕ ಧರ್ಮಾಧ್ಯಕ್ಷರಿಗೆ ಹೆಸರು ಹಾಕಿ ಪತ್ರ ಬರೆಯಿರಿ. ಹೇಳಿದ ಮಾತು, ದಿನ, ಸ್ಥಳ ಅದರಲ್ಲಿರಲಿ. ಧರ್ಮಾಧ್ಯಕ್ಷರದೇ ವಿಷಯವಾದರೆ ದೆಹಲಿಯಲ್ಲಿರುವ ಪೋಪರ ರಾಯಭಾರಿಗೆ ಬರೆಯಬಹುದು. ಹೆಸರಿಲ್ಲದ ಕರಪತ್ರ, ವಾಟ್ಸಾಪ್ ನಿಂದನೆ ಬೇಡ.

ಸಂಸ್ಕಾರಗಳನ್ನು ಬಿಡಬೇಡಿ

ತಪ್ಪು ಬೋಧಿಸುವ ಗುರು ಕೊಟ್ಟ ದೀಕ್ಷಾಸ್ನಾನ ಸಲ್ಲುತ್ತದೆಯೇ ಎಂದು ಕೆಲವರು ಕೇಳುತ್ತಾರೆ. ಧರ್ಮಸಭೆಯ ವಿಧಿಯಂತೆ, ಅದರ ಉದ್ದೇಶದಿಂದ ಕೊಟ್ಟಿದ್ದರೆ ಸಲ್ಲುತ್ತದೆ. ಕೊಡುವ ಕೈ ಯಾರದಾದರೂ ದೀಕ್ಷೆ ಕೊಡುವವನು ಕ್ರಿಸ್ತನೇ ಎಂದು ಸಂತ ಅಗಸ್ಟೀನರು ದೊನಾತಿಸ್ಟರಿಗೆ ಕೊಟ್ಟ ಉತ್ತರ ಇಂದಿಗೂ ನಮ್ಮ ಬೋಧನೆ.

ಲಿಂಗಸುಗೂರು ತಾಲ್ಲೂಕಿನ ಮುದಗಲ್ಲಿನಲ್ಲಿ ಶತಮಾನಗಳ ಹಿಂದಿನ ಕಥೋಲಿಕ ಸಮುದಾಯವಿದೆ. ರಾಜ್ಯಗಳು ಬದಲಾದವು, ಗುರುಗಳು ಬಂದು ಹೋದರು, ವಿಶ್ವಾಸ ಉಳಿಯಿತು. ಮನೆಯಲ್ಲಿ ಸಂಜೆಯ ಜಪಸರ, ಮಕ್ಕಳಿಗೆ ಧರ್ಮೋಪದೇಶ, ಊರಿಗೊಬ್ಬ ತಿಳಿದ ಉಪದೇಶಿ ಇದ್ದರೆ ಒಬ್ಬರ ತಪ್ಪು ಮಾತಿಗೆ ಸಮುದಾಯ ಅಲುಗಾಡದು. ನಮ್ಮ ಗುರುಗಳಿಗಾಗಿ, ನಮ್ಮ ಧರ್ಮಾಧ್ಯಕ್ಷರಿಗಾಗಿ ಪ್ರತಿದಿನ ಪ್ರಾರ್ಥಿಸೋಣ.