ಹಿಂಜರಿಯುವ ನರತಂತು

ನಡೆಯುವಾಗ ಅಂಗಾಲಿಗೆ ಮುಳ್ಳು ಚುಚ್ಚಿದರೆ ಆ ಸುದ್ದಿ ಕ್ಷಣಮಾತ್ರದಲ್ಲಿ ಬೆನ್ನುಹುರಿಯನ್ನು ಮುಟ್ಟುತ್ತದೆ. ಸುದ್ದಿಯನ್ನು ಒಯ್ಯುವ ತಂತುವು ಒಂದೇ ಒಂದು ನರಕೋಶದ ಚಾಚು. ಬೆಳೆದ ಮನುಷ್ಯನಲ್ಲಿ ಅದರ ಉದ್ದ ಸುಮಾರು 1 ಮೀಟರು. ನಾವು ತಾಯಿಯ ಗರ್ಭದಲ್ಲಿದ್ದಾಗ ಇದೇ ತಂತುವು ಮೊಳಕೆಯಂತೆ ಹೊರಟು, ದಾರಿಯನ್ನು ಅರಸುತ್ತ ತನ್ನ ನೆಲೆಯನ್ನು ಸೇರಿತು. ಅಸಂಖ್ಯಾತ ತಂತುಗಳ ನಡುವೆ ಅದಕ್ಕೆ ದಾರಿ ತೋರಿದುದು ಯಾವುದು?

1890ರಲ್ಲಿ ಸ್ಪೇನ್ ದೇಶದ ಸಾಂಟಿಯಾಗೋ ರಮೋನ್ ಈ ಕಹಾಲ್ ಅವರು ಕೋಳಿಯ ಭ್ರೂಣದ ಬೆನ್ನುಹುರಿಯನ್ನು ಪರೀಕ್ಷಿಸಿ, ಬೆಳೆಯುವ ತಂತುವಿನ ತುದಿಯಲ್ಲಿ ಶಂಕುವಿನಂತಹ ಉಬ್ಬೊಂದನ್ನು ಗುರುತಿಸಿದರು. ಅದೇ ವೃದ್ಧಿಶಂಕು. ಕಹಾಲರು ನೋಡಿದುದು ಬಣ್ಣ ಕಟ್ಟಿದ ನಿರ್ಜೀವ ಅಂಗಾಂಶವನ್ನು. 1907ರಲ್ಲಿ ಅಮೆರಿಕದ ರಾಸ್ ಹ್ಯಾರಿಸನ್ ಅವರು ಕಪ್ಪೆಯ ಭ್ರೂಣದ ನರಭಾಗವನ್ನು ದುಗ್ಧರಸದ ಹನಿಯಲ್ಲಿರಿಸಿ, ತಂತುವು ಜೀವಂತವಾಗಿ ಬೆಳೆಯುವುದನ್ನೇ ಸೂಕ್ಷ್ಮದರ್ಶಕದಲ್ಲಿ ಕಂಡರು.

ವೃದ್ಧಿಶಂಕುವನ್ನು ಬೆರಳುಗಳನ್ನು ಹರಡಿದ ಅಂಗೈಗೆ ಹೋಲಿಸಬಹುದು. ಆ ಬೆರಳುಗಳೊಳಗೆ ಆಕ್ಟಿನ್ ಎಂಬ ಪ್ರೋಟೀನಿನ ಎಳೆಗಳಿವೆ. ಎಳೆಗಳು ತುದಿಯಲ್ಲಿ ಬೆಳೆದಂತೆ ಬೆರಳುಗಳು ಮುಂದಕ್ಕೆ ಚಾಚಿ ನೆಲವನ್ನು ತಡವುತ್ತವೆ. ಹಿಡಿತ ಸಿಕ್ಕಿದ ಕಡೆಗೆ ತಂತುವು ಸಾಗುತ್ತದೆ.

ತಂತುವನ್ನು ಬಳಿಗೆ ಕರೆಯುವ ರಾಸಾಯನಿಕಗಳಿರಬೇಕೆಂದು ಕಹಾಲರೇ ಊಹಿಸಿದ್ದರು. ಆದರೆ ಕರೆಯುವುದರಷ್ಟೇ ತಡೆಯುವುದೂ ಮುಖ್ಯವೆಂಬುದು ಬೆಳಕಿಗೆ ಬಂದುದು ಬಹಳ ತಡವಾಗಿ. 1987ರಲ್ಲಿ ಕಾಪ್‌ಹ್ಯಾಮರ್ ಮತ್ತು ರೇಪರ್ ಎಂಬ ವಿಜ್ಞಾನಿಗಳು ಎರಡು ಬಗೆಯ ನರಕೋಶಗಳನ್ನು ಒಂದೇ ಪಾತ್ರೆಯಲ್ಲಿ ಬೆಳೆಸಿದರು. ಒಂದು ಬಗೆಯ ವೃದ್ಧಿಶಂಕುವು ಮತ್ತೊಂದು ಬಗೆಯ ತಂತುವನ್ನು ಸೋಕಿದೊಡನೆ, ಮುಟ್ಟಿದರೆ ಮುನಿ ಗಿಡದ ಎಲೆಯಂತೆ ಮುದುಡಿ ಹಿಂದೆ ಸರಿಯಿತು! ಕೋಳಿಯ ಮಿದುಳಿನಿಂದ ಇಂತಹ ಶಕ್ತಿಯುಳ್ಳ ಪ್ರೋಟೀನೊಂದನ್ನು 1993ರಲ್ಲಿ ಬೇರ್ಪಡಿಸಲಾಯಿತು. ಅದು ಸೇರಿದ ಪ್ರೋಟೀನು ಕುಟುಂಬಕ್ಕೆ ಸೆಮಫೊರಿನ್ ಎಂಬ ಹೆಸರಾಯಿತು. ಸೆಮಫೋರ್ ಎಂದರೆ ರೈಲುದಾರಿಯ ಕೈಮರ. ಹೆಸರು ಉಚಿತವಾಗಿಯೇ ಇದೆ.

ಈ ಕೈಮರ ಕೆಲಸಮಾಡುವ ಬಗೆಯನ್ನು ನೋಡೋಣ. ಸೆಮಫೊರಿನ್ 3ಎ ಎಂಬುದು ವೃದ್ಧಿಶಂಕುವಿನ ಹೊರಮೈಯಲ್ಲಿರುವ ನ್ಯೂರೊಪಿಲಿನ್ ಎಂಬ ಪ್ರೋಟೀನಿಗೆ ಅಂಟಿಕೊಳ್ಳುತ್ತದೆ. ಅದರ ಜೊತೆಗಾರ ಪ್ಲೆಕ್ಸಿನ್ ಈ ಸಂಕೇತವನ್ನು ಒಳಕ್ಕೆ ದಾಟಿಸುತ್ತದೆ. ಆಗ ಆಕ್ಟಿನ್ ಎಳೆಗಳು ಬಿಚ್ಚಿಹೋಗುತ್ತವೆ, ನೆಲದ ಹಿಡಿತ ಸಡಿಲುತ್ತದೆ; ಗೂಟ ಕಿತ್ತ ಹಗ್ಗದಂತೆ ಬಿಗಿದಿದ್ದ ತಂತುವು ಹಿಂದಕ್ಕೆ ಸರಿಯುತ್ತದೆ. ಸಂಕೇತವು ಒಂದು ಪಕ್ಕದಿಂದ ಮಾತ್ರ ಬಂದರೆ ಆ ಪಕ್ಕವಷ್ಟೇ ಕುಗ್ಗಿ, ತಂತುವು ಇನ್ನೊಂದು ಪಕ್ಕಕ್ಕೆ ತಿರುಗುತ್ತದೆ. ಹೀಗೆ ನಿಷೇಧವೇ ದಾರಿ ತೋರುತ್ತದೆ. 1997ರಲ್ಲಿ ಈ ಪ್ರೋಟೀನಿಲ್ಲದ ಇಲಿಗಳನ್ನು ಪರೀಕ್ಷಿಸಿದಾಗ, ಅವುಗಳ ಭ್ರೂಣದಲ್ಲಿ ಹಲವು ನರಗಳು ಎಲ್ಲೆ ಮೀರಿ ಹರಡಿದ್ದುದು ಕಂಡುಬಂದಿತು.

ಆದರೆ ಭ್ರೂಣಕ್ಕೆ ಉಪಕಾರಿಯಾದ ತಡೆಯು ಗಾಯಗೊಂಡವನಿಗೆ ಶಾಪವಾಗಬಹುದು. ಕೈಯಲ್ಲಿ ತುಂಡಾದ ನರವು ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು. ಬೆನ್ನುಹುರಿಯಲ್ಲಿ ತುಂಡಾದ ತಂತು ಹಾಗೆ ಬೆಳೆಯದು. ಅದಕ್ಕೆ ಬೆಳೆಯುವ ಶಕ್ತಿಯೇ ಇಲ್ಲವೇ? 1981ರಲ್ಲಿ ಡೇವಿಡ್ ಮತ್ತು ಅಗ್ವಾಯೋ ಎಂಬ ವಿಜ್ಞಾನಿಗಳು ಇಲಿಯ ಕಾಲಿನ ನರವನ್ನು ಸೇತುವೆಯಂತೆ ಬೆನ್ನುಹುರಿಗೆ ಜೋಡಿಸಿದಾಗ, ಅದರೊಳಗೆ ತಂತುಗಳು ಸುಮಾರು 3 ಸೆಂಟಿಮೀಟರು ಬೆಳೆದವು. ಶಕ್ತಿಯಿದೆ, ಸುತ್ತಲಿನ ನೆಲವೇ ಅದನ್ನು ತಡೆಯುತ್ತಿದೆ. ಬೆನ್ನುಹುರಿಯ ತಂತುಗಳಿಗೆ ಹೊದಿಕೆಯಾದ ಮಯೆಲಿನ್ನಿನಲ್ಲಿ ನೋಗೋ ಎಂಬ ತಡೆಪ್ರೋಟೀನು ಇರುವುದನ್ನು 2000ದಲ್ಲಿ ಗುರುತಿಸಲಾಯಿತು. ಗಾಯದ ಕಲೆಯಲ್ಲಿ ಸೆಮಫೊರಿನ್ನೂ ಮತ್ತೆ ತಲೆದೋರುತ್ತದೆ.

ಈ ಕೈಮರಗಳನ್ನು ಸ್ವಲ್ಪ ಕಾಲ ಇಳಿಸಿಡುವ ಔಷಧಿಗಳ ಶೋಧ ನಡೆದಿದೆ. ಆದರೆ ತಡೆಯನ್ನೆಲ್ಲ ಕಿತ್ತುಹಾಕಿದರೆ ತಂತುಗಳು ಸಲ್ಲದ ಕಡೆಗೆ ಹೋಗಿ ಸೇರಬಹುದು. ಎಲ್ಲಿ ದಾರಿ ಬಿಡಬೇಕು, ಎಲ್ಲಿ ತಡೆಯಬೇಕು ಎಂಬುದನ್ನು ಭ್ರೂಣವು ಯಾರೂ ಕಲಿಸದೆಯೇ ಬಲ್ಲದು. ಆ ವಿದ್ಯೆಯನ್ನು ನಾವಿನ್ನೂ ಅದರಿಂದ ಕಲಿಯುತ್ತಿದ್ದೇವೆ.